ಸವತಿ ಬಿಲ್ಲೆ

ಬಸ್ಸಮ್ಮನ ಕೊರಳಲ್ಲಿ ತಾಳಿಯ ಪಕ್ಕದಲ್ಲೇ ಸವತಿಯೂ ತೂಗುತ್ತಿದ್ದಳು. ಎರಡನೇ ಸಂಬಂಧವಾಗಿ ಬಂದವಳು, ತೀರಿಹೋದ ಮೊದಲ ಹೆಂಡತಿಯ ಹೆಸರಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಕಟ್ಟಿಕೊಳ್ಳಬೇಕು. ಅದರ ಮೇಲೆ ಎರಡು ಪುಟ್ಟ ಪಾದಗಳು. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಬೇಕು, ಹಬ್ಬದ ಹೋಳಿಗೆಯನ್ನೂ ಮೊದಲು ಅದಕ್ಕೇ ತೋರಿಸಬೇಕು. ಇಲ್ಲದಿದ್ದರೆ ಸತ್ತವಳು ಮುನಿಸಿಕೊಳ್ಳುತ್ತಾಳಂತೆ. ಬದುಕಿದವಳು ಮುನಿಸಿಕೊಂಡರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಗಂಡ ತಾಯಣ್ಣನಿಗೆ ರಾಯಚೂರಿನ ಹತ್ತಿ ಗಿರಣಿಯಲ್ಲಿ ಕೆಲಸ. ಬಸ್ಸಮ್ಮನ ಕೈಗಳಿಗೆ ತುರಿಕೆ ಹತ್ತಿ ಬಿಡದೇ ಹೋದಾಗ ಅವಳನ್ನು ದೇವದುರ್ಗದ ಆಚೆಯ ಕೋಟಿಹಾಳಕ್ಕೆ ಕರೆದುಕೊಂಡು ಹೊರಟ. ಅಲ್ಲಿನ ಹಾಳುಬಿದ್ದ ಕೋಟೆಯೊಳಗೆ ಗಂಧಕದ ಬುಗ್ಗೆಯಿತ್ತು, ಅದರ ನೀರು ತುರಿಕೆಗೆ ಒಳ್ಳೆಯದೆಂದು ಜನ ಹೇಳುತ್ತಿದ್ದರು. ಮದುವೆಯಾದ ಮೇಲೆ ಇಬ್ಬರೇ ಹೊರಟದ್ದು ಇದೇ ಮೊದಲು. ಬಸ್ಸಮ್ಮ ಸಂಭ್ರಮದಿಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಇದೊಂದು ದಿನವಾದರೂ ಗಂಡ ತನ್ನೊಬ್ಬಳ ಗಂಡನಾಗಿರಲಿ ಎಂಬುದಷ್ಟೇ ಅವಳ ಆಸೆ.

ಯುದ್ಧದ ಕಾಲ, ಪೆಟ್ರೋಲಿಗೆ ಬರ. ಬಸ್ಸು ಇದ್ದಿಲು ಉರಿಸಿಕೊಂಡು ಓಡುತ್ತಿತ್ತು. ದಿಬ್ಬ ಬಂದಲ್ಲೆಲ್ಲ ಎಲ್ಲರೂ ಇಳಿದು ನೂಕಬೇಕು.

"ಗೋಪಮ್ಮನ್ನ ಕರಕೊಂಡು ಬಂದಾಗ ಪೆಟ್ರೋಲ್ ಬಸ್ ಇತ್ತು ನೋಡು. ಆಕಿ ಒಮ್ಮೆನೂ ಕೆಳಗಿಳೀಲಿಲ್ಲ," ಎಂದ ತಾಯಣ್ಣ.

ಮೊದಲ ಹೆಂಡತಿಯನ್ನೂ ಅವನು ಇಲ್ಲಿಗೆ ಕರೆತಂದಿದ್ದನೆಂದು ಬಸ್ಸಮ್ಮನಿಗೆ ಗೊತ್ತಾದದ್ದೇ ಆಗ. ಅವಳಿಗೆ ಪೆಟ್ರೋಲ್ ಬಸ್ಸು, ತನಗೆ ನೂಕುವ ಬಸ್ಸು. ಯುದ್ಧ ಹೂಡಿದವರೂ ಸವತಿಯ ಕಡೆಯವರೇ!

ಕೋಟಿಹಾಳದಲ್ಲಿ ಕೋಟೆಯ ಅಗಸೆ ಬಾಗಿಲು ಅರ್ಧ ಕುಸಿದಿತ್ತು. ಒಳಗೆ ಚಾವಣಿಯಿಲ್ಲದ ಗುಡಿ, ಸೊಂಡಿಲು ಮುರಿದ ಕಲ್ಲಾನೆ. ಆನೆಯ ಬೆನ್ನು ಕಂಡು ಬಸ್ಸಮ್ಮನಿಗೆ ಮಕ್ಕಳ ಹಾಗೆ ಹತ್ತಿ ಕೂಡುವ ಆಸೆಯಾಯಿತು.

"ಇದರ ಮ್ಯಾಲೇ ಆಕಿ ಹತ್ತಿ ಕುಂತಿದ್ಲು. ಇಳಿ ಅಂದ್ರ ಇಳೀಲೇ ಇಲ್ಲ," ಎಂದು ತಾಯಣ್ಣ ನಕ್ಕ.

ಬಸ್ಸಮ್ಮ ಆನೆಯನ್ನು ತಿರುಗಿ ನೋಡಲಿಲ್ಲ. ಬದುಕಿದ್ದ ಸವತಿಯಾಗಿದ್ದರೆ ಜಡೆ ಹಿಡಿದು ಜಗಳವಾಡಬಹುದಿತ್ತು. ಇವಳ ಜೊತೆ ಏನು ಮಾಡುವುದು?

ಹೆಂಗಸರ ಹೊಂಡಕ್ಕೆ ಸುತ್ತಲೂ ಗೋಡೆ. ಬಾಗಿಲಲ್ಲಿ ನೂರ್ ಬೀ ಸೀಗೆಪುಡಿ ಮಾರುತ್ತ, ಮೀಯಲು ಬಂದವರ ಬಟ್ಟೆ ಕಾಯುತ್ತ ಕುಳಿತಿದ್ದಳು. ಕೊಳೆತ ತತ್ತಿಯಂಥ ನಾತ ಅಲ್ಲಿಯವರೆಗೂ ಹೊಡೆಯುತ್ತಿತ್ತು.

"ಅರೇ ತಾಯಣ್ಣ! ಹೇಣ್ತಿ ಎಲ್ಲಿ?"

"ಈಕೀನೇ," ಎಂದ ತಾಯಣ್ಣ. "ಆಕಿ ಜ್ವರ ಬಂದು ಹೋಗಿಬಿಟ್ಲು."

"ಯಾ ಅಲ್ಲಾ! ಎಂಥಾ ನಗಿ ಇತ್ತು ಆಕೀದು!" ನೂರ್ ಬೀ ಕಣ್ಣೊರೆಸಿಕೊಂಡಳು. ತಾಯಣ್ಣನೂ ಮುಖ ಆಚೆ ತಿರುಗಿಸಿ, ಬೇವಿನ ಮರದ ಕಡೆ ನಡೆದುಬಿಟ್ಟ.

ಆಮೇಲೆ ನೂರ್ ಬೀಗೆ ಬಸ್ಸಮ್ಮ ಕಂಡಳು. "ಬೆಳ್ಳಿ ಎಲ್ಲಾ ತೆಗದಿಡವ್ವಾ. ಈ ನೀರು ತಾಗಿದ್ರ ಮಸಿ ಹಂಗ ಕರ್ರಗಾಗ್ತದ. ಬಂಗಾರಕ್ಕ ಏನೂ ಆಗಲ್ಲ."

ಬಸ್ಸಮ್ಮ ತವರಿನವರು ಹಾಕಿದ್ದ ಕಾಲ್ಗಡಗ ಬಿಚ್ಚಿ ಗಂಟಿನಲ್ಲಿಟ್ಟಳು. ಕೈ ಕೊರಳಿಗೆ ಹೋಯಿತು. ಬಿಲ್ಲೆಯನ್ನು ಮುಟ್ಟಿತು. ಅಲ್ಲೇ ನಿಂತಿತು. ಅವಳು ಸೆರಗಿನಿಂದ ಕೊರಳು ಮುಚ್ಚಿಕೊಂಡು ಹೊಂಡಕ್ಕಿಳಿದಳು.

"ಬಾರವ್ವಾ," ಎಂದಳು ಮೆಲ್ಲಗೆ, "ಇಬ್ಬರೂ ಕೂಡೇ ಮುಳುಗೋಣು."

ಬೇಕೆಂದೇ ಬಹಳ ಹೊತ್ತು ನೀರಲ್ಲಿದ್ದಳು. ಮೇಲೆದ್ದಾಗ ಬಿಲ್ಲೆ ಕಾದ ಹೆಂಚಿನ ತಳದಂತೆ ಕಪ್ಪಾಗಿತ್ತು, ಪಾದಗಳ ಗುರುತೇ ಇರಲಿಲ್ಲ. ಎದೆಯ ಮೇಲಿಂದ ಕಲ್ಲು ಇಳಿಸಿದಷ್ಟು ಹಗುರವೆನಿಸಿತು. ಗಂಡ ಬೈಯಲಿ, ಬೇಕಾದರೆ ಎರಡು ಏಟು ಹೊಡೆಯಲಿ ಎಂದುಕೊಂಡೇ ಅವನ ಮುಂದೆ ಹೋಗಿ ನಿಂತಳು.

ತಾಯಣ್ಣ ಬೈಯಲಿಲ್ಲ.

"ಬಿಚ್ಚಿ ಕೊಡಿಲ್ಲಿ," ಎಂದು ಕೈ ಚಾಚಿದ.

ಯಾರೋ ಅಡುಗೆ ಮಾಡಿ ಬಿಟ್ಟುಹೋದ ಒಲೆಯಿಂದ ಬೂದಿ ತಂದ. ಮರದ ಕೆಳಗೆ ಕುಳಿತು, ಹೆಬ್ಬೆರಳಿಗೆ ಬೂದಿ ಹಚ್ಚಿಕೊಂಡು ಬಿಲ್ಲೆಯನ್ನು ತಿಕ್ಕತೊಡಗಿದ, ಕೂಸಿನ ಮುಖ ಒರೆಸುವ ಹಾಗೆ ಸಾವಕಾಶವಾಗಿ. ಬಾಯಲ್ಲಿ "ತಡಿ, ತಡಿ" ಎಂಬ ಗುನುಗು. ಅದು ಬಸ್ಸಮ್ಮನಿಗೆ ಹೇಳಿದ್ದಲ್ಲ. ರೊಟ್ಟಿ ಬಿಚ್ಚಿಟ್ಟರೂ ಅವನು ಕಣ್ಣೆತ್ತಲಿಲ್ಲ. ಒಂದು ಪುಟ್ಟ ಪಾದ ಬೆಳ್ಳಗೆ ಮೂಡಿಬಂತು.

ಬಸ್ಸಮ್ಮ ನೋಡುತ್ತಲೇ ನಿಂತಳು. ತುರಿಸಿ ತುರಿಸಿ ಹುಣ್ಣಾದ ತನ್ನ ಕೈಗಳನ್ನು ಅವನು ಒಂದು ದಿನವೂ ಹೀಗೆ ಹಿಡಿದಿರಲಿಲ್ಲ. ಸವತಿಯನ್ನು ಮುಳುಗಿಸಲು ಹೋಗಿ ತಾನೇ ಅವಳನ್ನು ಎತ್ತಿ ಗಂಡನ ಕೈಗೆ ಕೊಟ್ಟಂತಾಗಿತ್ತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಗಂಟು ಬಿಚ್ಚಿದಳು. ಕಡಗಗಳನ್ನು ಕಾಲಿಗೆ ಹಾಕಿಕೊಂಡು ಮತ್ತೆ ಹೊಂಡದತ್ತ ನಡೆದಳು. ನೂರ್ ಬೀ "ಬೆಳ್ಳಿ, ಬೆಳ್ಳಿ!" ಎಂದು ಕೂಗಿದ್ದು ಕೇಳಿಯೂ ಮೆಟ್ಟಿಲಿಳಿದು ಮೊಣಕಾಲುದ್ದ ನೀರಲ್ಲಿ ನಿಂತಳು.

ತಿರುಗಿ ಬಂದು ಗಂಡನ ಎದುರು ಕುಳಿತು, ನೀರು ಸೋರುವ ಎರಡೂ ಕಾಲುಗಳನ್ನು ಅವನ ತೊಡೆಯ ಮೇಲಿಟ್ಟಳು.

"ಏನಬೇ ಇದು? ಹುಚ್ಚು ಹಿಡದದೇನು?"

"ಇವನ್ನೂ ತಿಕ್ಕ್ರಿ," ಎಂದಳು ಬಸ್ಸಮ್ಮ. "ನನಗೂ ಕಾಲು ಅದಾವ."

ತಾಯಣ್ಣ ಕರ್ರಗಾದ ಕಡಗಗಳನ್ನು ನೋಡಿದ. ಆಮೇಲೆ ಅವಳ ಕೈಗಳನ್ನು ನೋಡಿದ, ಮೊದಲ ಸಲ ಕಂಡವನ ಹಾಗೆ. ಬಿಲ್ಲೆಯ ಎರಡನೇ ಪಾದ ಇನ್ನೂ ಕಪ್ಪಾಗಿಯೇ ಇತ್ತು. ಅದನ್ನು ಹಾಗೆಯೇ ಬುತ್ತಿಯ ಬಟ್ಟೆಯ ಮೇಲಿಟ್ಟು, ಬೂದಿಗೆ ಕೈ ಹಾಕಿದ.