ಪೊರಕೆ ತಾಗದ ನೆಲ

ಪೋನ್ಸಿಯಾನೊ ತೀರಿಕೊಂಡದ್ದು ಶನಿವಾರ ಬೆಳಿಗ್ಗೆ. ಹತ್ತು ದೇಶಗಳ ಮುಖಂಡರು ಮನಿಲಾಕ್ಕೆ ಬರಬೇಕಾಗಿದ್ದದ್ದು ಮಂಗಳವಾರ ಮಧ್ಯಾಹ್ನ. ಅವನ ಒಬ್ಬಳೇ ಮಗಳು ರೊಸೆಂಡಾ ಸಾಮಾರ್ ದ್ವೀಪದಿಂದ ಹೊರಟವಳು ಗಾಳಿಯ ಅಬ್ಬರಕ್ಕೆ ಬಂದರಿನಲ್ಲೇ ಸಿಕ್ಕಿಬಿದ್ದಿದ್ದಳು. ಕಡಲು ದಾಟಿಸುವ ಹಡಗು ಹೊರಟರೆ ಅವಳೂ ಮಂಗಳವಾರವೇ ಬರಬೇಕು. ಈ ಮೂರು ದಿನಗಳ ನಡುವೆ ಲಿಯೊನಿಲಾ ಗಂಡನ ಶವಪೆಟ್ಟಿಗೆಯ ಬದಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುವಳು, ಕೂತಲ್ಲಿರಲಾರದೆ ಏಳುವಳು, ಎದ್ದು ರಸ್ತೆಯ ಎರಡೂ ಕಡೆ ನೋಡಿ ಮತ್ತೆ ಕೂರುವಳು.

ಕೊಲ್ಲಿಯ ದಂಡೆಯ ಆ ಕಾಲುದಾರಿಯಲ್ಲಿ, ಒಂದು ಕಾಡುಬಾದಾಮಿ ಮರದ ಕೆಳಗೆ, ಅವರಿಬ್ಬರೂ ಹನ್ನೊಂದು ವರ್ಷ ಬಾಳಿದ್ದರು. ಹಗಲು ರದ್ದಿ ಹೊತ್ತು ತಿರುಗುವ ತಳ್ಳುಗಾಡಿಯೇ ರಾತ್ರಿ ಮಲಗುವ ಮನೆ. ಈಗ ಗಾಡಿಯನ್ನು ಪಕ್ಕಕ್ಕೆ ಸರಿಸಿ, ನೀಲಿ ತಾಡಪಾಲು ಕಟ್ಟಿ, ಚರ್ಚಿನವರು ಕೊಟ್ಟ ಪೆಟ್ಟಿಗೆಯನ್ನು ಎರಡು ಬೆಂಚುಗಳ ಮೇಲೆ ಇಟ್ಟಿದ್ದರು. ಪೆಟ್ಟಿಗೆಯ ಮುಚ್ಚಳದಲ್ಲಿ ಮುಖದಷ್ಟೇ ಅಗಲದ ಗಾಜು. ಗಾಜಿನಾಚೆ ಪೋನ್ಸಿಯಾನೊ ಯಾರದೋ ಬಿಳಿ ಅಂಗಿ ತೊಟ್ಟು, ಎಂದೂ ಇಲ್ಲದ ಶಿಸ್ತಿನಲ್ಲಿ ಮಲಗಿದ್ದ.

ಸೋಮವಾರ ಬೆಳಿಗ್ಗೆ, ಮುಖಂಡರು ಹಾದುಹೋಗುವ ಈ ದಾರಿಯಿಂದ ದಂಡೆಯವರನ್ನು ಸಾಗಿಸಲು ಎರಡು ಬಸ್ಸುಗಳೂ ಒಂದು ಬಿಳಿಯ ವ್ಯಾನೂ ಬಂದು ನಿಂತವು. ಕಲ್ಯಾಣ ಕಚೇರಿಯ ಅಧಿಕಾರಿಣಿ ಮಿಸ್ ವಿಲ್ಯಾರುಸ್ ಇಳಿದಳು. ಮೂವತ್ತು ದಾಟಿರದ ಹುಡುಗಿ. ಮಾತು ಮೃದು, ಕಣ್ಣು ಮಾತ್ರ ಗಡಿಯಾರದ ಮೇಲೆ.

"ಐದೇ ದಿನ, ನಾನಾಯ್. ಬೆಟ್ಟದ ಮೇಲೆ ರೆಸಾರ್ಟು. ಹಾಸಿಗೆ, ಫ್ಯಾನು, ಮೂರು ಹೊತ್ತೂ ಊಟ. ಈಜುಕೊಳ ಬೇರೆ ಇದೆ" ಎಂದಳು. ತಾಯಂದಿರನ್ನೆಲ್ಲ ಕರೆಯುವಂತೆಯೇ ಅವಳು ಲಿಯೊನಿಲಾಳನ್ನೂ ನಾನಾಯ್ ಎಂದು ಕರೆದಿದ್ದಳು.

ಉತ್ತರ ಬಂದದ್ದು ಪಕ್ಕದ ಗಾಡಿಯ ಮುದುಕಿ ಕೊನ್ಸಿಂಗಳಿಂದ. "ಈಜುಕೊಳವಾ! ಇಷ್ಟು ವರ್ಷ ಸಮುದ್ರದ ಬಾಯಲ್ಲೇ ಬಿದ್ಕೊಂಡಿದೀವಿ, ಮೈ ತೊಳ್ಕೊಳ್ಳಿ ಅಂತ ಒಬ್ರೂ ಒಂದು ಬಕೆಟ್ ನೀರು ಕೊಡ್ಲಿಲ್ಲ. ದೊಡ್ಡೋರು ಬರ್ತಾರೆ ಅಂದ ಕೂಡ್ಲೆ ನಮ್ಮ ಸ್ನಾನ ನೆನಪಾಯ್ತೇನಮ್ಮಾ?"

"ನೀವು ಮೊದ್ಲು ಬಸ್ ಹತ್ತಿ, ಆಲಿಂಗ್ ಕೊನ್ಸಿಂಗ್" ಎಂದಳು ಮಿಸ್ ವಿಲ್ಯಾರುಸ್, ಹಿರಿಯ ಹೆಂಗಸರ ಹೆಸರಿಗೆ ಸೇರಿಸುವ ಆಲಿಂಗ್ ಅನ್ನು ಮರೆಯದೆ.

"ಹತ್ತೀನಿ. ವಾಪಸ್ ಎಲ್ಲಿಳಿಸ್ತೀರಿ ಅಂತ ಬರ್ಕೊಡಿ, ಹತ್ತೀನಿ. ಹೋದ್ಸಲ ಯಾವುದೋ ಸೇತುವೆ ಕೆಳಗೆ ಇಳಿಸಿ ಹೋದ್ರಿ. ನಾನು ನಡ್ಕೊಂಡು ಇಲ್ಲಿಗೆ ಬರೋಷ್ಟ್ರಲ್ಲಿ ಗಾಡೀನ ಕಸ ಅಂತ ಎತ್ಕೊಂಡು ಹೋಗಿದ್ರಿ."

ಮಿಸ್ ವಿಲ್ಯಾರುಸ್ ಬಸ್ಸಿನ ಬಾಗಿಲ ಕಡೆಗೆ ಕೈ ತೋರಿಸಿದಳು. ದಂಡೆಯ ಉಳಿದ ಗಾಡಿಗಳವರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಹತ್ತುವಾಗ ಪ್ರತಿಯೊಬ್ಬರೂ ತಮ್ಮ ಗಾಡಿಯ ಕಡೆಗೊಮ್ಮೆ ತಿರುಗಿ ನೋಡಿದರು. ಕೊನ್ಸಿಂಗ್ ಹತ್ತಲಿಲ್ಲ. ಹೆಣವನ್ನು ಒಂಟಿಯಾಗಿ ಬಿಡುವಂತಿಲ್ಲ, ಲಿಯೊನಿಲಾ ಕಣ್ಣು ಮುಚ್ಚುವ ಹೊತ್ತಿಗೆ ಇನ್ನೊಬ್ಬರು ಎಚ್ಚರವಿರಬೇಕು ಎಂದು ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಮಿಸ್ ವಿಲ್ಯಾರುಸ್ ಪೆಟ್ಟಿಗೆಯ ಬಳಿ ಬಂದು ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಸ್ಮಶಾನದಲ್ಲಿ ಜಾಗ ಮಾಡ್ಸಿದೀನಿ ನಾನಾಯ್. ಇವತ್ತು ಮಧ್ಯಾಹ್ನಾನೇ. ಪಾದ್ರಿಗಳೂ ಬರ್ತಾರೆ. ಎಲ್ಲಾ ನಮ್ದೇ ಖರ್ಚು" ಎಂದಳು.

"ಮಗಳು ಇನ್ನೂ ಅವರಪ್ಪನ ಮುಖ ನೋಡಿಲ್ಲ."

"ಫೋನಲ್ಲಿ ತೋರ್ಸೋಣ. ನನ್ನ ಫೋನಲ್ಲೇ."

"ಆರು ವರ್ಷ ಫೋನಲ್ಲೇ ನೋಡಿದ್ಲಮ್ಮ. ಸತ್ಮೇಲೂ ಅಷ್ಟೇನಾ?"

ಲಿಯೊನಿಲಾ ರವಿಕೆಯೊಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಬುಧವಾರದವರೆಗೆ ಇಲ್ಲಿಯೇ ಶವ ಕಾಯಲು ಕೇರಿಯ ಮುಖ್ಯಸ್ಥ ಕೊಟ್ಟ ಅನುಮತಿ. ಬೆವರಿಗೆ ಮೊಹರು ಹರಡಿತ್ತು, ಅಕ್ಷರಗಳು ಉಳಿದಿದ್ದವು.

"ಈ ರಸ್ತೆಗೆ ಈ ವಾರ ಇದು ನಡೆಯಲ್ಲ ನಾನಾಯ್."

"ನಡೆಯಲ್ಲ ಅಂತ ಬರೆದಿರೋದು ಎಲ್ಲಿದೆ, ತೋರ್ಸಿ. ನನ್ನ ಹತ್ರ ಕಾಗದ ಇದೆ. ನಿಮ್ಮ ಹತ್ರ?"

ಅಧಿಕಾರಿಣಿಯ ಬಳಿ ಇದ್ದದ್ದು ಬರಿಯ ಮಾತು. ಅದೂ ಮೇಲಿನವರು ಫೋನಿನಲ್ಲಿ ಅಂದದ್ದು. ಅವಳು ಬದಿಗೆ ಹೋಗಿ ಯಾರಿಗೋ ಕರೆ ಮಾಡಿದಳು, "ಸರಿ ಸರ್, ಸರಿ ಸರ್" ಎಂದಳು, ತಿರುಗಿ ಬರುವಾಗ ಅವಳ ಮುಖ ಸಣ್ಣದಾಗಿತ್ತು.

ಅಷ್ಟರಲ್ಲಿ ಗುಡಿಸುವವರು ಬಂದರು. ಹಳದಿ ಅಂಗಿಯ ಆರು ಜನ ಹೆಂಗಸರು, ಅವರ ಮೇಸ್ತ್ರಿ ಮಾಂಗ್ ತಾಸ್ಯೊ. ತೆಂಗಿನಕಡ್ಡಿಯ ಉದ್ದ ಪೊರಕೆಗಳು ಬೆಳಗಿನಿಂದ ದಂಡೆಯುದ್ದಕ್ಕೂ ಒಂದೇ ಲಯದಲ್ಲಿ ಕೆರೆಯುತ್ತಾ ಬರುತ್ತಿದ್ದವು. ತಾಡಪಾಲಿನ ನೆರಳು ಎಲ್ಲಿ ಆರಂಭವಾಗುತ್ತಿತ್ತೋ ಅಲ್ಲಿಗೆ ಆ ಸದ್ದು ನಿಂತಿತು.

"ಯಾಕೆ ನಿಲ್ಸಿದ್ರಿ? ಗುಡಿಸಿ. ಆಮೇಲೆ ಪೆಟ್ಟಿಗೆ ಎತ್ತಿ ವ್ಯಾನಿಗಿಡೋಕೆ ಕೈ ಹಾಕಿ" ಎಂದಳು ಮಿಸ್ ವಿಲ್ಯಾರುಸ್.

ಮಾಂಗ್ ತಾಸ್ಯೊ ಟೋಪಿ ತೆಗೆದ. "ಸಾವಿನ ಮನೆ, ಮ್ಯಾಡಂ."

"ಮನೆ ಎಲ್ರೀ ಇದೆ ಇಲ್ಲಿ? ಫುಟ್‌ಪಾತ್ ಇದು!"

"ಹೆಣ ಇಟ್ಕೊಂಡು ಕಾಯ್ತಾ ಇದಾರಲ್ಲ ಮ್ಯಾಡಂ, ಅದೇ ಮನೆ. ಹೆಣ ಇದ್ದಲ್ಲಿ ಗುಡಿಸಿದ್ರೆ ಆ ಪೊರಕೆ ಮನೆಯವರನ್ನ, ಗುಡಿಸಿದೋರ ಮನೆಯವರನ್ನೂ ಒಬ್ಬೊಬ್ರಾಗಿ ಎಳ್ಕೊಂಡು ಹೋಗತ್ತೆ. ನಮಗೂ ಮಕ್ಕಳು ಮರಿ ಇದಾವೆ."

"ಇಪ್ಪತ್ತೊಂದನೇ ಶತಮಾನ ಇದು, ಮಾಂಗ್ ತಾಸ್ಯೊ!"

"ಇರಬಹುದು ಮ್ಯಾಡಂ. ನಮಗ್ಯಾರೂ ಹೇಳಿಲ್ಲ."

ಹೆಂಗಸರಲ್ಲಿ ಒಬ್ಬಳು ಪೊರಕೆಯನ್ನು ನೆಲಕ್ಕಿಟ್ಟಳು. ಉಳಿದ ಐವರೂ ಇಟ್ಟರು. ಒಬ್ಬರ ಹಿಂದೊಬ್ಬರು ಬಂದು ಗಾಜಿನೊಳಗೆ ಇಣುಕಿ, ಲಿಯೊನಿಲಾಳ ಕೈ ಹಿಡಿದು, ಕೊನ್ಸಿಂಗ್ ಚಾಚಿದ ಡಬ್ಬಿಯಿಂದ ಬಿಸ್ಕತ್ತು ತೆಗೆದುಕೊಂಡು ಕುಳಿತರು. ಹನ್ನೊಂದು ವರ್ಷಗಳಲ್ಲಿ ಇವರೇ ಎಷ್ಟು ಸಲ ಆ ಗಾಡಿಯ ಗಾಲಿಗೆ ಪೊರಕೆ ಬಡಿದು ಆಚೆ ಸರಿಯಿರಿ ಎಂದು ಗದರಿಸಿದ್ದರೋ. ಲಿಯೊನಿಲಾಳಿಗೆ ಅದೆಲ್ಲ ಕಣ್ಣ ಮುಂದೆ ಬಂತು. ಅವಳು ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳಿ ಎಂದಷ್ಟೇ ಹೇಳಿದಳು.

ಮಿಸ್ ವಿಲ್ಯಾರುಸ್ ಬಾಗಿ ತಾನೇ ಒಂದು ಪೊರಕೆಯನ್ನು ಎತ್ತಿಕೊಂಡಳು. ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ಮರದಿಂದ ಉದುರಿದ್ದ ಕೆಂಪು ಎಲೆಯೊಂದು ಅವಳ ಬೂಟಿನ ಎದುರಿಗೇ ಬಿದ್ದಿತ್ತು. ಕಡ್ಡಿಯ ತುದಿಗಳು ಎಲೆಯ ಬಳಿ ಸಾಗಿ, ಒಂದು ಗೇಣು ಈಚೆಗೆ ನಿಂತವು.

"ಮನೇಲಿ ಅಪ್ಪ ಅಮ್ಮ ಚೆನ್ನಾಗಿದಾರಾ ಮ್ಯಾಡಂ?" ಕೊನ್ಸಿಂಗ್ ಬಹಳ ವಿನಯದಿಂದ ಕೇಳಿದಳು.

"ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್" ಎಂದು ಮಿಸ್ ವಿಲ್ಯಾರುಸ್ ಯಾರಿಗೂ ಅಲ್ಲದಂತೆ ಹೇಳಿ, ಪೊರಕೆಯನ್ನು ಮರಕ್ಕೆ ಒರಗಿಸಿದಳು. "ಬುಧವಾರದ ತನಕ ಇಟ್ಕೊಳ್ಳಿ ನಾನಾಯ್. ಆದ್ರೆ ರಸ್ತೆಗೆ ಕಾಣಬಾರ್ದು. ಕಂಡ್ರೆ ನನ್ನ ಕೈಲೂ ಏನೂ ಆಗಲ್ಲ."

ಸಂಜೆಯೊಳಗೆ ಬಡಗಿಗಳು ಬಂದು ಕಾಲುದಾರಿಯುದ್ದಕ್ಕೂ ಆಳೆತ್ತರದ ಹಲಗೆಗಳನ್ನು ನಿಲ್ಲಿಸಿ ಮೊಳೆ ಹೊಡೆದರು. ರಸ್ತೆಯ ಕಡೆಗೆ ಹಲಗೆಗಳ ಮೇಲೆ ಸಮುದ್ರದ ಚಿತ್ರವಿತ್ತು. ಒಳಗಡೆಗೆ ಬರಿಯ ಮರದ ಗಂಟುಗಳು. ಬೆನ್ನ ಹಿಂದೆ ನಿಜವಾದ ಸಮುದ್ರ, ತಡೆಗೋಡೆಗೆ ಬಡಿಯುತ್ತಿತ್ತು.

ಹಲಗೆಗಳು ನಿಂತ ಮೇಲೆ ಲಿಯೊನಿಲಾಳಿಗೆ ಹೊಳೆಯಿತು: ಮಗಳು ಈ ಜಾಗವನ್ನು ಹುಡುಕುವುದು ಹೇಗೆ? ಕಾಡುಬಾದಾಮಿ ಮರದ ಕೆಳಗೆ ನೀಲಿ ತಾಡಪಾಲು ಎಂದು ಅವಳೇ ಫೋನಿನಲ್ಲಿ ಹೇಳಿದ್ದಳು. ತಾಡಪಾಲು ಮರೆಯಾಗಿತ್ತು. ಮರಗಳೋ ದಂಡೆಯುದ್ದಕ್ಕೂ ನೂರಾರು, ಹಲಗೆಯ ಮೇಲೆ ಕಾಣುವ ತಲೆಗಳೆಲ್ಲ ಒಂದೇ ಥರ.

ಮಂಗಳವಾರ ಹತ್ತು ಗಂಟೆಗೆ ಕರೆ ಬಂತು. "ಅಮ್ಮಾ, ಬಸ್ಸಿಳಿದೆ. ರಸ್ತೆ ಬಂದ್ ಅಂತೆ, ನಡ್ಕೊಂಡೇ ಬರ್ತಿದೀನಿ. ಚಾರ್ಜ್ ಮುಗೀ..." ಅಷ್ಟಕ್ಕೇ ಕಡಿಯಿತು. ಎರಡು ಗಂಟೆ ಕಳೆಯಿತು. ಲಿಯೊನಿಲಾ ಹಲಗೆಗೂ ಪೆಟ್ಟಿಗೆಗೂ ನಡುವಿನ ನಾಲ್ಕು ಹೆಜ್ಜೆ ಜಾಗದಲ್ಲಿ ಹೋಗುತ್ತಿದ್ದಳು, ಬರುತ್ತಿದ್ದಳು, ಬಿರುಕುಗಳಿಗೆ ಕಣ್ಣು ಹಚ್ಚುತ್ತಿದ್ದಳು.

"ಕೂತ್ಕೊಳ್ಳೇ ಮಾರಾಯ್ತಿ" ಎಂದಳು ಕೊನ್ಸಿಂಗ್. "ನಿನ್ನ ನೋಡಿ ನೋಡಿ ಅವನಿಗೂ ತಲೆ ತಿರುಗ್ತಿರಬೇಕು."

ದೂರದಲ್ಲಿ ಸೈರನ್ ಎದ್ದಿತು. ಆ ಸದ್ದು ಹತ್ತಿರವಾದಷ್ಟೂ ಪೊಲೀಸರು ಜನರನ್ನು ಹಿಂದಕ್ಕೆ ತಳ್ಳುತ್ತಾರೆ, ಮಗಳನ್ನೂ ತಳ್ಳುತ್ತಾರೆ, ಬುಧವಾರ ವ್ಯಾನು ಬರುತ್ತದೆ. ಲಿಯೊನಿಲಾ ನಿಂತಳು. ಹಲಗೆಯೊಂದಕ್ಕೆ ಭುಜ ಕೊಟ್ಟಳು. ಒಮ್ಮೆ, ಇನ್ನೊಮ್ಮೆ. ಐದು ದಿನಕ್ಕೆಂದು ಹೊಡೆದ ಮೊಳೆಗಳು. ಮೂರನೆಯ ಸಲಕ್ಕೆ ಸಮುದ್ರದ ಚಿತ್ರ ಮುಖ ಅಡಿಯಾಗಿ ರಸ್ತೆಯ ಅಂಚಿಗೆ ಧೊಪ್ಪನೆ ಬಿತ್ತು.

ಅಂಥ ಖಾಲಿ ರಸ್ತೆಯನ್ನು ಅವಳು ಎಂದೂ ಕಂಡಿರಲಿಲ್ಲ. ಬಿಳಿ ಕೈಗವಸಿನ ಪೊಲೀಸನೊಬ್ಬ ಸೀಟಿ ಊದುತ್ತಾ ಓಡಿಬಂದ. "ಏನಮ್ಮಾ ಇದು! ಇನ್ನೈದು ನಿಮಿಷಕ್ಕೆ ಕಾರುಗಳು ಬರ್ತವೆ!"

"ಬರ್ಲಿ ಬಿಡಪ್ಪ. ನನ್ನ ಮಗಳೂ ಬರ್ತಿದಾಳೆ."

ಬಹಳ ದೂರದಲ್ಲಿ, ಹಲಗೆಗಳ ಬುಡದಲ್ಲೇ, ಚಪ್ಪಲಿಯನ್ನು ಕೈಯಲ್ಲಿ ಹಿಡಿದ ಹೆಂಗಸೊಬ್ಬಳು ಬರುತ್ತಿದ್ದಳು. ಒಂದೊಂದು ಮರ ಬಂದಾಗಲೂ ನಿಂತು, ಹಲಗೆಯನ್ನು ಅಂಗೈಯಿಂದ ತಟ್ಟಿ, ಕಿವಿಗೊಟ್ಟು, ಮುಂದೆ ಸಾಗುತ್ತಿದ್ದಳು.

"ರೊಸೆಂಡಾ!"

ಆ ಖಾಲಿಯಲ್ಲಿ ಕೂಗು ಎಲ್ಲಿಯೂ ತಡೆಯದೆ ಹೋಯಿತು. ಹೆಂಗಸು ಓಡತೊಡಗಿದಳು. ಪೊಲೀಸನು ಅವಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಸೈರನ್ ಬರುವ ದಿಕ್ಕನ್ನು ನೋಡಿದ. ಅವಳು ಒಳನುಗ್ಗಿದ ಕೂಡಲೇ ಹಲಗೆಯನ್ನು ಎತ್ತಿ ಸಂದಿಗೆ ಮುಚ್ಚಿ, ಬೀಳದಂತೆ ಬೆನ್ನು ಕೊಟ್ಟು ನಿಂತ. ಆಚೆಯಿಂದಲೇ ಹೇಳಿದ: "ಮೇಲಕ್ಕೆ ತಿಳಿಸ್ಲೇಬೇಕು ಕಣಮ್ಮ. ಕಾರು ದಾಟಿದ್ಮೇಲೆ ವ್ಯಾನ್ ಬರತ್ತೆ. ಬೇಗ ನೋಡ್ಕೊಳ್ಳಿ."

ಕಾರುಗಳು ಒಂದರ ಹಿಂದೊಂದು ಹಾದುಹೋದವು. ಹಲಗೆಗಳು ಕಂಪಿಸಿದವು. ರೊಸೆಂಡಾ ಗಾಜಿನ ಮೇಲೆ ಬಾಗಿದ್ದಳು. ಸತ್ತವರ ಮೇಲೆ ಕಣ್ಣೀರು ಬಿದ್ದರೆ ಅವರ ಪಯಣ ಭಾರವಾಗುತ್ತದೆಂದು ಲಿಯೊನಿಲಾ ತನ್ನ ಅಂಗೈಯನ್ನು ಮಗಳ ಗದ್ದದ ಕೆಳಗೆ ಹಿಡಿದು ನಿಂತಳು. ಅಂಗೈ ತುಂಬುತ್ತಿತ್ತು. ಹೊರಗೆ ಯಾವುದೋ ವಾಹನ ಬಂದು ನಿಂತು ಬಾಗಿಲು ತೆರೆದ ಸದ್ದಾಯಿತು.

"ನೋಡಿ ಆಯ್ತೇನೇ?"

"ಇಲ್ಲಮ್ಮ. ಇನ್ನೂ."

"ನೋಡು ಮಗಳೇ" ಎಂದಳು ಲಿಯೊನಿಲಾ. "ವ್ಯಾನಿನೋರು ಕಾಯ್ತಾರೆ."