ಕನ್ನಡದಲ್ಲಿ ಹತ್ತರವರೆಗೆ

ನಾಯಿಯೊಂದು ಮೇಜಿನ ಮೇಲೆ ಮಲಗಿರುವಾಗ ತೀರ್ಪುಗಾರರು ಒಂದರಿಂದ ಹತ್ತರವರೆಗೆ ಯಾವ ಭಾಷೆಯಲ್ಲಿ ಎಣಿಸಬೇಕು ಎಂಬ ಗಂಭೀರ ಪ್ರಶ್ನೆ ೨೦೦೩ರವರೆಗೂ ದಕ್ಷಿಣ ಬೆಂಗಳೂರಿನಲ್ಲಿ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಇದು ನಾಡಿಗೆ ಎಂಥ ಅವಮಾನವೆಂಬುದು ಮೊದಲು ಹೊಳೆದದ್ದು ಜಯನಗರ ನಾಲ್ಕನೇ ಟಿ ಬ್ಲಾಕಿನ ಸೇತುರಾಮ ಅವರಿಗೆ. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ವ್ಯಾಕರಣ ಹೇಳಿಕೊಟ್ಟು ನಿವೃತ್ತರಾದ ಅವರಿಗೆ ತಿದ್ದಲು ಈಗ ವಿದ್ಯಾರ್ಥಿಗಳು ಇರಲಿಲ್ಲ; ತರಕಾರಿ ಗಾಡಿಯ ಬೋರ್ಡು, ಮದುವೆಯ ಕರೆಯೋಲೆ ಮತ್ತು ಹೆಂಡತಿ ಸತ್ಯಭಾಮಾ ಮಾತ್ರ ಉಳಿದಿದ್ದರು.

ಅವರ ನಾಯಿಯ ಹೆಸರು ಪ್ರಾಸ. ಅರ್ಧ ಲ್ಯಾಬ್ರಡಾರ್, ಉಳಿದರ್ಧ ನಾಲ್ಕನೇ ಟಿ ಬ್ಲಾಕ್. ಅದಕ್ಕೆ ಓಡುವ ಚಪಲ ವಿಪರೀತವಿತ್ತು. ಅಂಥ ನಾಯಿಗಳಿಗೆಂದೇ ಜೆ.ಪಿ. ನಗರದ ಒಂದು ಶ್ವಾನಪ್ರಿಯರ ಸಂಘ ವರ್ಷಕ್ಕೆ ಮೂರು ಬಾರಿ ಶಾಲೆಯ ಮೈದಾನದಲ್ಲಿ ಸ್ಪರ್ಧೆ ಇಡುತ್ತಿತ್ತು. ನಾಯಿ ಅಡ್ಡಪಟ್ಟಿ ಹಾರಬೇಕು, ಬಟ್ಟೆಯ ಸುರಂಗದಲ್ಲಿ ನುಗ್ಗಬೇಕು, ಕಡಿದಾದ ಹಲಗೆ ಏರಿ ಇಳಿಯಬೇಕು, ಕೊನೆಗೆ ಮೇಜಿನ ಮೇಲೆ ಮಲಗಿ ಹತ್ತು ಎಣಿಸುವವರೆಗೆ ಮಿಸುಕಬಾರದು. ಜೊತೆಗೆ ಓಡುವ ಮನುಷ್ಯ ಅದನ್ನು ಮುಟ್ಟುವಂತಿಲ್ಲ, ಬಾಯಲ್ಲಿ ಹೇಳಬಹುದಷ್ಟೆ. ಒಂದೂ ತಪ್ಪಿಲ್ಲದೆ ಮುಗಿಸಿದರೆ ಓಡಿಸಿದವರ ಹೆಸರಿಗೆ ಸರ್ಟಿಫಿಕೇಟ್.

ಆ ಸರ್ಟಿಫಿಕೇಟು ನಿಜವಾಗಿ ಬೇಕಾಗಿದ್ದದ್ದು ಸಂಗಮೇಶನಿಗೆ. ಮುಧೋಳದ ಕಡೆಯವನು, ಮೂವತ್ತರ ಆಸುಪಾಸು; ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟ್ ಒಂದರ ಗೇಟಿನಲ್ಲಿ ಸೆಕ್ಯೂರಿಟಿ. ಅವನ ಅಪ್ಪ ಬೇಟೆನಾಯಿ ಸಾಕಿದವನು, ಅಜ್ಜನೂ ಅಷ್ಟೆ. ಪಾಳಿ ಮುಗಿಸಿ ದಿನಾ ಬೆಳಿಗ್ಗೆ ಬಂದು ಪ್ರಾಸನನ್ನು ಸೇತುರಾಮರ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಪಳಗಿಸಿದವನು ಅವನೇ. ಕನಕಪುರ ರಸ್ತೆಯ ನಾಯಿ ತರಬೇತಿ ಶಾಲೆಯೊಂದರಲ್ಲಿ ಕೆಲಸ ಕೇಳಿ ಬಂದಿದ್ದ.

“ನಾಯಿ ಗೊತ್ತೈತಿ ಅಂತ ಬಾಯಾಗ ಹೇಳಿದ್ರ ನಡ್ಯಂಗಿಲ್ಲಂತ್ರಿ ಸರ. ಫೆಬ್ರವರಿ ಇಪ್ಪತ್ತೆಂಟರೊಳಗ ಕಾಗದ ತಗೊಂಡ್ ಬಾ ಅಂದಾರ್ರಿ.”

“ಅದಕ್ಕೇನಂತೆ,” ಎಂದರು ಸೇತುರಾಮ. “ಈ ವರ್ಷ ಮೂರು ಸ್ಪರ್ಧೆ. ಎರಡು ನಾನು ಓಡ್ತೀನಿ, ಮೂರನೇದು ನೀನು. ಮಾತು ಅಂದ್ರೆ ಮಾತು.”

ಮೊದಲ ಸ್ಪರ್ಧೆ ಆಗಸ್ಟಿನಲ್ಲಿ ನಡೆಯಿತು. ಸೇತುರಾಮ ಬಿಳಿ ಕ್ಯಾನ್ವಾಸ್ ಶೂ ತೊಟ್ಟು, ಪಂಚೆಯನ್ನು ಜೀವನದಲ್ಲಿ ಮೊದಲ ಬಾರಿಗೆ ಪ್ಯಾಂಟಿಗೆ ಬದಲಾಯಿಸಿ ಕಣಕ್ಕಿಳಿದರು. “ಪ್ರಾಸ, ಹಾರು” ಎಂದರು. ನಾಯಿ ಅವರ ಮುಖ ನೋಡಿತು. “ಹಾರು” ಎಂದರು ಮತ್ತೆ, ರಕಾರಕ್ಕೆ ಸ್ವಲ್ಪ ಒತ್ತು ಕೊಟ್ಟು. ನಾಯಿ ಕುಳಿತು ಕಿವಿ ಕೆರೆದುಕೊಂಡಿತು. ಹಗ್ಗದಾಚೆ ನಿಂತಿದ್ದ ಸಂಗಮೇಶನಿಗೆ ತಡೆಯಲಾಗಲಿಲ್ಲ. “ಜಿಗಿಯಲೇ ಪರಸ್ಯಾ” ಎಂದು ಗೊಣಗಿಕೊಂಡ. ನಾಯಿ ಜಿಗಿಯಿತು, ಅಡ್ಡಪಟ್ಟಿಯನ್ನಲ್ಲ, ಹಗ್ಗವನ್ನು. ನೇರ ಬಂದು ಅವನ ಎದೆಗೆ ಕಾಲು ಕೊಟ್ಟು ನಿಂತಿತು. ಅಲ್ಲಿಗೆ ಸ್ಪರ್ಧೆ ಮುಗಿಯಿತು.

“ಪರಸ್ಯಾ ಅಂದ್ರೆ ಯಾರು?” ಆಟೋದಲ್ಲಿ ಸೇತುರಾಮ ಕೇಳಿದರು.

“ಇವನ್ರಿ ಸರ. ಪ್ರಾಸ ಅಂತ ಕರದ್ರ ನಾಲಿಗಿ ಹೊಳ್ಳಂಗಿಲ್ರಿ.”

“ಅಂದ್ರೆ ನಾಲ್ಕು ತಿಂಗಳಿಂದ ನನ್ನ ನಾಯಿಗೆ ನೀನು ಬೇರೆ ಹೆಸರು, ಬೇರೆ ಭಾಷೆ ಕಲಿಸಿದೀಯ.”

“ಕನ್ನಡಾನ ರೀ ಸರ.”

“ಅದನ್ನ ನಾನು ತೀರ್ಮಾನ ಮಾಡ್ತೀನಿ.”

ತಪ್ಪಿನಿಂದ ಕಲಿಯಬೇಕೆಂಬುದು ಸೇತುರಾಮರ ಸಿದ್ಧಾಂತ. ಯಾರ ತಪ್ಪಿನಿಂದ ಎಂಬುದನ್ನು ಅವರು ಸ್ಪಷ್ಟಪಡಿಸಿರಲಿಲ್ಲ. ಅಂದೇ ಒಂದು ಹಾಳೆಯಲ್ಲಿ ಎರಡು ಸಾಲು ಬರೆದುಕೊಟ್ಟರು. ಎಡಗಡೆ ಸಂಗಮೇಶನ ಮಾತು: ಜಿಗಿ, ಮಕ್ಕೋ, ನಿಂದ್ರು. ಬಲಗಡೆ ಶಿಷ್ಟರೂಪ: ಹಾರು, ಮಲಗು, ನಿಲ್ಲು. ಕೆಳಗೆ ಹೊಸದಾಗಿ ಎರಡು: ಮಲಗಿದಲ್ಲಿಂದ ಎಬ್ಬಿಸಲು ‘ಏಳು’, ಹಲಗೆಯ ಮೇಲೆ ಕಳಿಸಲು ‘ಹತ್ತು’. ಸಂಗಮೇಶ ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಎರಡು ತಿಂಗಳಲ್ಲಿ ನಾಯಿಗೆ ಬಲಗಡೆಯ ಸಾಲು ಬಾಯಿಪಾಠವಾಯಿತು. ಅವನಿಗೂ.

ಎರಡನೆಯ ಸ್ಪರ್ಧೆ ನವೆಂಬರಿನಲ್ಲಿ. ರಾಜ್ಯೋತ್ಸವದ ತಿಂಗಳು. ಸೇತುರಾಮ ಸಂಘದ ಕಾರ್ಯದರ್ಶಿ ರಾಮಪ್ರಸಾದರಿಗೆ ನಾಲ್ಕು ಪುಟದ ಕಾಗದ ಬರೆದರು. ಕನ್ನಡ ನೆಲದಲ್ಲಿ, ಕನ್ನಡ ತಿಂಗಳಲ್ಲಿ, ಕನ್ನಡಿಗರ ನಾಯಿಗಳ ಮುಂದೆ ‘ಒನ್, ಟೂ, ತ್ರೀ’ ಎಂದು ಎಣಿಸುವುದು ಯಾವ ನ್ಯಾಯ ಎಂಬುದು ಅದರ ಸಾರಾಂಶ. ರಾಮಪ್ರಸಾದ್ ಎರಡನೆಯ ಪುಟದಲ್ಲೇ ಸೋತು ಒಪ್ಪಿಕೊಂಡರು. ತೀರ್ಪುಗಾರ ಚಿನ್ನಪ್ಪ, ಮಿಲಿಟರಿಯಲ್ಲಿ ನಾಯಿಗಳ ಜೊತೆ ಇದ್ದು ಬಂದವರು, “ನಾಯಿಗೇನ್ ಬಿಡಿ, ಯಾವ ಭಾಷೆ ಆದ್ರೂ ಬಿಸ್ಕತ್ ಮೇಲೇ ಕಣ್ಣು” ಎಂದರು.

ಪ್ರಾಸ ಆ ದಿನ ಚೆನ್ನಾಗಿ ಓಡಿತು. ಹಾರು ಎಂದಾಗ ಹಾರಿತು, ಹತ್ತು ಎಂದಾಗ ಹಲಗೆ ಹತ್ತಿತು. ಮೇಜಿನ ಮೇಲೆ ಮಲಗು ಎಂದಾಗ ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿತು. ಚಿನ್ನಪ್ಪ ಗಟ್ಟಿ ಧ್ವನಿಯಲ್ಲಿ ಶುರುಮಾಡಿದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು.

ಪ್ರಾಸ ಎದ್ದಿತು.

ಸೇತುರಾಮ ಮತ್ತೆ ಮಲಗಿಸಿದರು. ನಿಯಮದಂತೆ ಎಣಿಕೆ ಮೊದಲಿನಿಂದ. ಏಳಕ್ಕೆ ಬರುತ್ತಲೇ ನಾಯಿ ಮತ್ತೆ ಎದ್ದಿತು. ಹಗ್ಗದಾಚೆ ಯಾರೋ “ಟೈಮ್ ಟು ಟೈಮ್ ಎದ್ದೇಳತ್ತೆ ಗುರು, ಸರ್ಕಾರಿ ನೌಕರ ಅಲ್ಲ” ಎಂದರು. ಮೂರನೆಯ ಬಾರಿ ಚಿನ್ನಪ್ಪ ಕನಿಕರದಿಂದ ಏಳನ್ನು ಕೆಮ್ಮಿನಲ್ಲಿ ಮುಚ್ಚಿ ದಾಟಿಸಿದರು. ಎಂಟು, ಒಂಬತ್ತು ಸರಿಯಾಗಿ ಕಳೆದವು. ಹತ್ತು ಎಂದದ್ದೇ ತಡ, ಪ್ರಾಸ ಮೇಜಿನಿಂದ ಹಾರಿ ಹಿಂದಕ್ಕೋಡಿ ಹಲಗೆಯ ತುದಿ ಹತ್ತಿ ನಿಂತು, ಶಭಾಶ್ ಎನ್ನುವವರಿಗಾಗಿ ಸುತ್ತಲೂ ನೋಡಿತು.

“ಒಂದು ಸಂಖ್ಯಾವಾಚಕ, ಒಂದು ಕ್ರಿಯಾಪದ,” ಸೇತುರಾಮ ಚಿನ್ನಪ್ಪನವರಿಗೆ ವಿವರಿಸುತ್ತಿದ್ದರು. “ಸಂದರ್ಭದಿಂದ ವ್ಯತ್ಯಾಸ ಗೊತ್ತಾಗತ್ತೆ.”

“ನಂಗೊತ್ತಾಯ್ತು ಸಾರ್. ಅದಕ್ಕೆ ಗೊತ್ತಾಗ್ಲಿಲ್ಲ.”

ಸೇತುರಾಮ ಸಂಗಮೇಶನ ಕಡೆ ತಿರುಗಿದರು. “ನಿಂಗಾದ್ರೂ ಹೊಳೀಬೇಡ್ವೇನಪ್ಪ?”

“ಹಾಳಿ ನೀವ ಬರದಿದ್ರಿ ಸರ.”

“ಹಾಳಿ ಅಲ್ಲ, ಹಾಳೆ.”

ಮನೆಯಲ್ಲಿ ಸತ್ಯಭಾಮಾ ಕಾಫಿ ಲೋಟ ಕೆಳಗಿಡುತ್ತ, “ಕಾಗದ ಬರೆದಿದ್ದೂ ನೀವೇ, ಪಟ್ಟಿ ಬರೆದಿದ್ದೂ ನೀವೇ. ನಾಯಿ ಎರಡನ್ನೂ ಪಾಲಿಸ್ತು. ಪಾಪ, ಇನ್ನೇನು ಮಾಡ್ಬೇಕಿತ್ತು?” ಎಂದರು. ಸೇತುರಾಮ ಪತ್ರಿಕೆಯ ಮುದ್ರಣದೋಷಗಳಿಗೆ ಗುರುತು ಹಾಕುತ್ತಿದ್ದರು.

ಮಾರನೆಯ ದಿನದಿಂದ ಸಂಗಮೇಶ ಹೊಸದಾಗಿ ಶುರುಮಾಡಿದ. ಈ ಮೂರನೆಯದು ತನ್ನದು ಎಂಬುದು ಅವನ ತಲೆಯಲ್ಲಿತ್ತು. ನಾಯಿಯನ್ನು ಹಳೆಯ ಕಲ್ಲುಬೆಂಚಿನ ಮೇಲೆ ಮಲಗಿಸಿ ಒಂದರಿಂದ ಹತ್ತರವರೆಗೆ ಎಣಿಸುವನು; ಎದ್ದರೆ ಮತ್ತೆ ಒಂದರಿಂದ. ದಿನಕ್ಕೆ ನೂರು ಸಲ. ಸೈಟಿನ ಪಕ್ಕದ ಮನೆಯ ಮಗು ಶಾಲೆಗೆ ಸೇರುವ ಮೊದಲೇ ಮಗ್ಗಿಗೆ ಸಿದ್ಧವಾಯಿತು. ಹಲಗೆಗೆ ‘ಏರು’ ಸಾಕಾಯಿತು; ಎಬ್ಬಿಸಲು ಬೇರೆ ಮಾತು ಬೇಕಾಯಿತು. ‘ಚಲೋ’ ಎಂದು ಇಟ್ಟ.

“ಹಿಂದಿ ಬೇಡ,” ಎಂದರು ಸೇತುರಾಮ.

“ಹಿಂದಿ ಅಲ್ರಿ ಸರ. ನಮ್ಮ ಕಡೆ ಚಲೋ ಅಂದ್ರ ಚಂದ ಅಂತ.”

ಸೇತುರಾಮ ನಿಘಂಟು ತೆಗೆದು ನೋಡಿ, ಅರ್ಧ ಗಂಟೆಯ ನಂತರ ಹೊರಬಂದು, ಆಗಬಹುದು ಎಂದರು.

ಆದರೆ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಒಡೆಯನ ಮಾತನ್ನು ನಾಯಿ ಕೇಳುವುದಿಲ್ಲವೆಂಬುದೇ ಮೊದಲ ತಪ್ಪು ಎಂದುಕೊಂಡ ಸಂಗಮೇಶ ಅದನ್ನೂ ಸರಿಮಾಡಹೊರಟ. ಸೇತುರಾಮರನ್ನು ಮುಂದೆ ನಿಲ್ಲಿಸಿ ಅವರ ಬಾಯಿಂದಲೇ ಹೇಳಿಸಿದ. ತಾನು ಹಿಂದೆ ತುಟಿ ಬಿಗಿದು ನಿಂತು, ನಾಯಿ ತನ್ನ ಕಡೆ ತಿರುಗಿದರೆ ಮುಖ ಆಚೆ ಮಾಡಿದ. ಪರಸ್ಯಾ ಎಂದು ಕರೆಯುವುದನ್ನು ಬಿಟ್ಟ. ಸಂಕ್ರಾಂತಿ ಕಳೆದ ವಾರ ಒಂದು ಬೆಳಿಗ್ಗೆ ಗೇಟಿನ ಬಳಿ ಮರೆತು ಹಾಗೆ ಕರೆದಾಗ ನಾಯಿ ಒಂದು ಕಿವಿಯನ್ನೂ ಎತ್ತಲಿಲ್ಲ. ಕಲಿಕೆ ಎಷ್ಟು ಗಟ್ಟಿಯಾಗಿದೆಯೆಂದು ಅವನಿಗೆ ಹೆಮ್ಮೆಯೇ ಆಯಿತು.

ಮೂರನೆಯ ಸ್ಪರ್ಧೆ ಫೆಬ್ರವರಿ ಇಪ್ಪತ್ತೆರಡು, ಭಾನುವಾರ. ಸಂಗಮೇಶ ಒಬ್ಬರ ಕೈಕಾಲು ಹಿಡಿದು ಪಾಳಿ ಬದಲಾಯಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೈದಾನದಲ್ಲಿ ಸೇತುರಾಮ ಬಿಳಿ ಶೂವಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

“ಸಂಗಮೇಶ, ಇವತ್ತು ನಾನೇ ಓಡ್ತೀನಪ್ಪ.”

“ಸರ, ಮೂರನೇದು ನಂದು ಅಂದಿದ್ರಿ.”

“ಅಂದಿದ್ದೆ. ಆದ್ರೆ ಯೋಚ್ನೆ ಮಾಡು. ಎರಡು ಸಲ ಎಲ್ಲರ ಮುಂದೆ ತಪ್ಪು ಮಾಡಿದೋನು ನಾನು. ತಿದ್ಕೊಳೋ ಹಕ್ಕೂ ನಂದೇ ತಾನೆ? ನೀನು ಯಾವ ತಪ್ಪು ಮಾಡಿದೀಯ, ಹೇಳು?”

ಸಂಗಮೇಶ ಯೋಚಿಸಿದ. ನಾಯಿಗೆ ಇವರ ಮಾತು ಕೇಳಲು ಕಲಿಸಿದ್ದು ಒಂದು ಹೊಳೆಯಿತು.

“ಅವನಿಗೆ ಸರ್ಟಿಫಿಕೇಟ್ ಬೇಕಿತ್ತಲ್ರೀ,” ಎಂದರು ಈ ಸಲ ಜೊತೆಗೆ ಬಂದಿದ್ದ ಸತ್ಯಭಾಮಾ. “ಮಾತು ಕೊಟ್ಟಿದ್ರಿ.”

“ಮುಂದಿನ ವರ್ಷ ಓಡ್ಲಿ, ಯಾರು ಬೇಡ ಅಂದ್ರು? ಅಷ್ಟರಲ್ಲಿ ನಾನೇ ಒಂದು ಶಿಫಾರಸು ಪತ್ರ ಬರೆದುಕೊಡ್ತೀನಿ. ನನ್ನ ಸಹಿಗಿಂತ ಸರ್ಟಿಫಿಕೇಟ್ ಬೇಕಾ?”

“ನಾಯಿ ನೀ ಹಿಡ್ಕೋ,” ಎಂದು ಸತ್ಯಭಾಮಾ ಮೆಲ್ಲಗೆ ಸಂಗಮೇಶನಿಗೆ ಹೇಳಿದರು. “ಬಿಡಬೇಡ. ಏನ್ಮಾಡ್ತಾರೋ ನೋಡೋಣ.”

ಅವನು ನಾಯಿಯ ಕೊರಳಪಟ್ಟಿ ಹಿಡಿದುಕೊಂಡ. ಅಷ್ಟರಲ್ಲಿ ಸೇತುರಾಮ ಹತ್ತು ಹೆಜ್ಜೆ ದೂರದಿಂದ, ಸಹಜ ಧ್ವನಿಯಲ್ಲಿ, “ಪ್ರಾಸ, ಬಾ” ಎಂದರು. ನಾಯಿ ಬಾಲ ಆಡಿಸುತ್ತ ಎಳೆಯಿತು. ಸಂಗಮೇಶ ಒಮ್ಮೆ ಬಾಗಿ, ಯಾರಿಗೂ ಕೇಳದಷ್ಟು ಸಣ್ಣಗೆ, “ಪರಸ್ಯಾ, ನಿಂದ್ರು” ಎಂದ. ನಾಯಿ ಇನ್ನೂ ಜೋರಾಗಿ ಎಳೆಯಿತು. ಅವನು ಪಟ್ಟಿ ಬಿಟ್ಟ.

ಓಟದಲ್ಲಿ ಒಂದೂ ತಪ್ಪಾಗಲಿಲ್ಲ. ಮೇಜಿನ ಮೇಲೆ ಪ್ರಾಸ ಏಳನ್ನು ಕೇಳಿ ಕಣ್ಣು ಮಿಟುಕಿಸಿತು, ಹತ್ತನ್ನು ಕೇಳಿ ಮೂಗು ನೆಕ್ಕಿಕೊಂಡಿತು, ಚಲೋ ಎಂದಮೇಲೆ ಎದ್ದಿತು. ರಾಮಪ್ರಸಾದ್ ಮೈಕು ಕೊಟ್ಟಾಗ ಸೇತುರಾಮ ಹನ್ನೆರಡು ನಿಮಿಷ ಮಾತಾಡಿದರು. ಸೋಲನ್ನು ಒಪ್ಪಿಕೊಳ್ಳುವ ಧೈರ್ಯ ಇದ್ದವನಿಗೆ ಮಾತ್ರ ಕಲಿಕೆ ಸಾಧ್ಯವೆಂದರು. ‘ಚಲೋ’ ಪದದ ವ್ಯುತ್ಪತ್ತಿ ಹೇಳಿದರು. ಯಾರಿಂದ ಕಲಿತದ್ದೆಂದು ಹೇಳುವಷ್ಟರಲ್ಲಿ ಮುಂದಿನ ನಾಯಿ ಬಂತು.

ಶಿಫಾರಸು ಪತ್ರ ಎರಡು ಪುಟವಿತ್ತು, ಒಂದೂ ಕಾಗುಣಿತದ ತಪ್ಪಿರಲಿಲ್ಲ. ಸಂಗಮೇಶ ಅದನ್ನು ಕನಕಪುರ ರಸ್ತೆಗೆ ಒಯ್ದ. ಶಾಲೆಯ ಮ್ಯಾನೇಜರು ಮೊದಲ ವಾಕ್ಯದ ಕ್ರಿಯಾಪದ ಹುಡುಕುತ್ತ ಪುಟ ತಿರುಗಿಸಿ, “ಚೆನ್ನಾಗಿದೆ ಗುರು. ಸರ್ಟಿಫಿಕೇಟ್ ಎಲ್ಲಿ?” ಎಂದ.

“ಸರ್ ಹೆಸರಿಗೆ ಬಂದೈತ್ರಿ.”

“ಹಂಗಾದ್ರೆ ಅವರನ್ನೇ ಕಳ್ಸಿ.”

ಇಪ್ಪತ್ತೆಂಟನೇ ತಾರೀಕು ಅರ್ಜಿ ತೆಗೆದುಕೊಳ್ಳುವುದು ನಿಂತಿತು. ಕೆಲಸ ಸುಬ್ರಹ್ಮಣ್ಯಪುರದ ಒಬ್ಬನಿಗೆ ಸಿಕ್ಕಿತು.