ಸೋಮವಾರ ಕೇಳಿಸಿದ ಸದ್ದು

ಗುರುಮಲ್ಲಪ್ಪನವರ ಮನೆಗೆ ರಿಪೇರಿಗೆ ಹೋಗುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಮ್ಮರಗಾಲದಲ್ಲಿ ಅವರದು ಮೂವತ್ತು ವರ್ಷದ ಹಳೆಯ ಟ್ರ್ಯಾಕ್ಟರು. ಎತ್ತು ಮಾರಿ ಕೊಂಡದ್ದಂತೆ. ಸೋಮವಾರ ಶಿವನ ವಾರ ಅಂತ ಎತ್ತಿನ ಹೆಗಲಿಗೆ ನೊಗ ಇಡದ ಮನೆತನ. ಅದು ಸರಿ, ಒಪ್ಪೋಣ. ಇವರು ಎತ್ತಿಗಿದ್ದ ರಜೆಯನ್ನು ಆ ಕಬ್ಬಿಣಕ್ಕೂ ಕೊಟ್ಟಿದ್ದರು. ಸೋಮವಾರ ಅದರ ಕೀ ದೇವರ ಗೂಡು ಸೇರುತ್ತಿತ್ತು, ಯಾರು ಬಂದು ಕೇಳಿದರೂ ಹೊರಗೆ ಬರುತ್ತಿರಲಿಲ್ಲ.

ನಾಟಿ ಕಾಲ. ಉಳಿದ ಆರು ದಿನ ಗಾಡಿ ಕೆಸರುಗದ್ದೆಯಲ್ಲಿ. ಬಿಡುವಿದ್ದದ್ದು ಸೋಮವಾರ ಮಾತ್ರ, ಅವತ್ತೋ ಸ್ಟಾರ್ಟ್ ಮಾಡುವಂತಿಲ್ಲ. "ಇಂದ್ಗಡೆ ಎಲ್ಲೋ ಟಕ್ ಟಕ್ ಅಂತದೆ, ಬಂದು ನೋಡಪ್ಪ ನಂಜೇಶ" ಎಂದು ಆ ಸೋಮವಾರ ಬೆಳಿಗ್ಗೆಯೇ ಅವರ ಫೋನು. ಚಿಕ್ಕಯ್ಯನಛತ್ರದ ನನ್ನ ಶೆಡ್ಡಿಗೆ ಬೀಗ ಹಾಕಿ, ಸ್ಪ್ಯಾನರ್ ಚೀಲವನ್ನು ಬೈಕಿಗೆ ಕಟ್ಟಿಕೊಂಡು ಹೊರಟೆ. ಕಾಫಿ ಕೂಡ ಕುಡಿದಿರಲಿಲ್ಲ. ಹೆಂಡತಿ ಸುನೀತಾ ಹಿಂದಿನ ದಿನವೇ ಟಿ. ನರಸೀಪುರದ ಕಡೆಯ ತವರಿಗೆ ಹೋಗಿದ್ದಳು. ಅಲ್ಲಿ ಅವಳ ತಮ್ಮ ಮದನನ ಗದ್ದೆಗೆ ಅವತ್ತು ನಾಟಿ.

"ಸದ್ದು ಕೇಳ್ದೆ ನಾನೇನು ಕಣಿ ಏಳ್ಬೇಕಾ ಗುರುಮಲ್ಲಪ್ಪೋರೆ?" ಎಂದು ಅಂಗಳದಲ್ಲೇ ರೇಗಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಚಕ್ರ ಎತ್ತಿ ಕೈಯಲ್ಲಿ ತಿರುಗ್ಸೋಣ ಕಣಪ್ಪ. ಕೈಯಲ್ಲಿ ತಿರುಗ್ಸುದ್ರೆ ಅದು ದುಡಿಮೆ ಅಲ್ಲ."

ಬೈದುಕೊಂಡೇ ಹಿಂದಿನ ಎಡಚಕ್ರಕ್ಕೆ ಜಾಕ್ ಕೊಟ್ಟೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್ ಡಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. ಗುರುಮಲ್ಲಪ್ಪನವರು ಎರಡೂ ಕೈಯಲ್ಲಿ ಚಕ್ರ ತಿರುಗಿಸಿದರು. ಮೊದಲು ಬೇರಿಂಗಿನ ಸಣ್ಣ ಗೊರಗೊರ. ಆಮೇಲೆ ಟಕ್. ಮತ್ತೆ ಗೊರಗೊರ, ಮತ್ತೆ ಟಕ್. ಇಂಜಿನ್ ಓಡುತ್ತಿದ್ದರೆ ನನ್ನಪ್ಪನಾಣೆ ಇಷ್ಟು ಬಿಡಿಸಿ ಕೇಳುತ್ತಿರಲಿಲ್ಲ.

ಗುರುತು ಹಾಕಲು ಸೀಮೆಸುಣ್ಣ ಕೇಳಿದೆ. ಅವರ ಮನೆಯಲ್ಲಿ ಅದೆಲ್ಲಿರಬೇಕು? ವಿಭೂತಿ ಗಟ್ಟಿ ತಂದು ಟೈರಿಗೆ ತಾವೇ ಒಂದು ಗೆರೆ ಎಳೆದರು. ಆ ಬಿಳಿ ಗೆರೆ ಮೇಲಕ್ಕೆ ಬಂದಾಗಲೆಲ್ಲ ಟಕ್. ಹತ್ತು ಸುತ್ತು ತಿರುಗಿಸಿದೆವು, ಹತ್ತು ಸಲ.

"ಚಕ್ರದ ದೊಡ್ಡ ಗೇರು," ಎಂದೆ. "ಅದ್ರ ಒಂದು ಅಲ್ಲು ಅಳ್ಳಾಡ್ತಾ ಅದೆ."

"ಕಿತ್ತೋದ್ರೆ ಏನಾಗ್ತದೆ?"

"ಏನಾಗ್ತದಾ? ಇದರ ಬ್ರೇಕು ಚಕ್ರನ ಇಡಿಯಲ್ಲ, ಒಳಗಿನ ಶಾಫ್ಟ್ ಇಡೀತದೆ. ಶಾಫ್ಟಿಗೂ ಚಕ್ರಕ್ಕೂ ನಂಟು ಈ ಅಲ್ಲುಗಳದ್ದು. ಒಂದು ಮುರಿದ್ರೆ ಮಧ್ಯಕ್ಕೆ ಸಿಕ್ಕಾಕ್ಕೊಂಡು ಮಿಕ್ಕಿದ್ದನ್ನೂ ತಿಂದಾಕ್ತದೆ. ಆಗ ಬ್ರೇಕ್ ತುಳುದ್ರೆ ಒಂದು ಚಕ್ರ ನಿಲ್ತದೆ, ಇನ್ನೊಂದು ಓಯ್ತಾ ಇರ್ತದೆ. ಗಾಡಿ ಪಕ್ಕಕ್ಕೆ ತಿರುಗಿ ಮಗುಚ್ಕೋತದೆ."

ಗುರುಮಲ್ಲಪ್ಪನವರು ಟೈರಿನ ಮೇಲಿಟ್ಟಿದ್ದ ಕೈ ತೆಗೆದರು. ಇಷ್ಟು ದಿನ ಅದೇ ಗಾಡಿಯಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಓಡಾಡಿದ್ದರು.

ಎಣ್ಣೆ ಬಸಿದೆ. ಚಕ್ರ ಕಳಚಿ, ಡಬ್ಬಿ ಬಿಚ್ಚುವಷ್ಟರಲ್ಲಿ ಹತ್ತೂವರೆ ದಾಟಿತು. ಗೇರನ್ನು ಬಟ್ಟೆಯಲ್ಲಿ ಒರೆಸುತ್ತಾ ಬಂದೆ. ಒಂದು ಹಲ್ಲಿನ ಬುಡದಲ್ಲಿ ಸುತ್ತಲೂ ಕಪ್ಪು ಗೆರೆ. ಸ್ಕ್ರೂಡ್ರೈವರಿನಿಂದ ಸ್ವಲ್ಪ ಮೀಟಿದೆ, ಅಷ್ಟೇ. ಹಲ್ಲು ಕಿತ್ತು ಅಂಗೈಗೆ ಬಂತು.

"ಏನು ಲೋಡ್ ಹೊಡ್ಸಿದ್ರಿ ಇದ್ರಲ್ಲಿ? ಬಂಡೆ ಏನಾದ್ರೂ ತುಂಬಿದ್ರಾ?" ಎಂದು ಅವರ ಮೇಲೇ ಹಾರಿದೆ. ಹಾಗೆ ಹಾರಿದ್ದೇಕೆಂದು ನನಗೆ ಗೊತ್ತಿತ್ತು. ಅದು ಕಂಪನಿಯ ಹಲ್ಲಲ್ಲ. ನಾನು ಕಟ್ಟಿಸಿದ್ದು.

ಹೋದ ವರ್ಷ ಇದೇ ಗೇರಿನ ಹಲ್ಲು ಚೂರಾಗಿತ್ತು. ಇಷ್ಟು ಹಳೆಯ ಗಾಡಿಗೆ ಹೊಸ ಗೇರು ಎಲ್ಲೂ ಸಿಗಲಿಲ್ಲ. ತಾಂಡ್ಯದ ಕಡೆಯ ಒಬ್ಬ ವೆಲ್ಡರ್ ಹತ್ತಿರ ಕಬ್ಬಿಣ ತುಂಬಿಸಿ, ಅರ ಹಾಕಿ ನಾನೇ ಹಲ್ಲಿನ ಆಕಾರಕ್ಕೆ ತಂದಿದ್ದೆ. ಆಮೇಲೆ ಅದನ್ನು ಕಾಯಿಸಿ ಹದಕ್ಕೆ ತರಬೇಕು, ಇಲ್ಲದಿದ್ದರೆ ಬುಡ ಪೆಡಸಾಗಿ ಬಿರಿಯುತ್ತದೆ. "ಅದಕ್ಕೆ ಇನ್ನೆರಡು ದಿನ ಬೇಕು" ಎಂದು ವೆಲ್ಡರ್ ಹೇಳಿದ್ದ. ಏನೂ ಬೇಡ ಕೊಡಯ್ಯಾ, ನಾನು ನೋಡದ ಗೇರಾ ಎಂದು ಎತ್ತಿಕೊಂಡು ಬಂದಿದ್ದೆ. ಅಷ್ಟು ಕೊಬ್ಬು ನನಗೆ.

ಗುರುಮಲ್ಲಪ್ಪನವರು ಹಲ್ಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಬೈಯಲಿಲ್ಲ. "ಅವತ್ತು ನೀನು ಎರಡು ಗೇರು ಕಟ್ಟುಸ್ಕೊಂಡು ಬಂದಿದ್ದೆ ಅಲ್ವಾ ನಂಜೇಶ," ಎಂದರು. "ಇನ್ನೊಂದು ಯಾರ ಗಾಡೀದು?"

ಎಣ್ಣೆಗೈಯಲ್ಲೇ ಜೇಬಿನಿಂದ ಫೋನು ತೆಗೆದೆ.

ಇನ್ನೊಂದು ಮದನನದು. ಇದೇ ಕಂಪನಿ, ಇದೇ ವಯಸ್ಸಿನ ಗಾಡಿ. ಒಂದೇ ದಿನ ಕಟ್ಟಿಸಿ, ಒಂದೇ ಅರದಲ್ಲಿ ತಿಕ್ಕಿದ ಹಲ್ಲುಗಳು. ಗುರುಮಲ್ಲಪ್ಪನವರ ಗಾಡಿ ವಾರಕ್ಕೊಂದು ದಿನವಾದರೂ ನಿಲ್ಲುತ್ತಿತ್ತು. ಮದನನದು ನಿಂತದ್ದೇ ಇಲ್ಲ. ಅವನ ಗದ್ದೆಗೆ ಹೋಗಬೇಕಾದರೆ ನಾಲೆಯ ಎತ್ತರದ ಏರಿಯನ್ನು ಹತ್ತಿ ಇಳಿಯಬೇಕು. ನಾಲೆಯಲ್ಲಿ ಆಗ ನೀರು ತುಂಬಿ ಹರಿಯುತ್ತಿತ್ತು.

ಮದನನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇಂಜಿನ್ ಸದ್ದಿನಲ್ಲಿ ಅವನಿಗೆ ಎಲ್ಲಿ ಕೇಳಿಸಬೇಕು? ಸುನೀತಾಳಿಗೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿದಳು. ಹಿಂದೆ ಹೆಂಗಸರ ಮಾತು, ನಗು.

"ಎಲ್ಲಿದ್ದೀಯೆ?"

"ಟ್ರೈಲರ್‌ನಲ್ಲಿ ಕಣ್ರೀ. ಅದ್ನೈದು ಜನ ಎಂಗಸ್ರು ಇದ್ದೀವಿ. ನಾಟಿಗೆ ಓಯ್ತಾ ಇದ್ದೀವಿ."

"ಗಾಡಿ ಇಂದ್ಗಡೆ ಟಕ್ ಟಕ್ ಅಂತದಾ?"

"ಅಂತಿತ್ತಂತೆ, ಅದ್ನೈದು ದಿನದಿಂದ. ಆವತ್ತು ಊಟಕ್ಕೆ ಕೂತಾಗ ನೀವೇ ಏಳುದ್ರಲ್ಲ, ಗೇರೆಣ್ಣೆಗೆ ಮರದೊಟ್ಟು ಆಕುದ್ರೆ ಸದ್ದು ಅಡಗ್ತದೆ ಅಂತ. ಮದ್ನ ಅಂಗೇ ಆಕವ್ನೆ. ಈಗ ಒಂಚೂರೂ ಸದ್ದಿಲ್ಲ. ಭಾವನ ಬುದ್ಧಿ ನಂಗೂ ಬಂತು ಅಂತ ಜಂಬ ಬೇರೆ ಅವುನ್ಗೆ."

ಮರದ ಹೊಟ್ಟು ಸುರಿದು ಸದ್ದು ಅಡಗಿಸುವುದು ಕೆಟ್ಟ ಗಾಡಿ ಮಾರುವ ದಲ್ಲಾಳಿಗಳ ಮೋಸ ಅಂತ ಹೇಳಿ ನಕ್ಕಿದ್ದೆ ನಾನು. ಹುಡುಗ ಅದನ್ನು ಔಷಧಿ ಅಂದುಕೊಂಡಿದ್ದ. ಹದಿನೈದು ದಿನ ಕೂಗಿ ಹೇಳಿದ ಅವನ ಗಾಡಿಯ ಬಾಯನ್ನು ನನ್ನ ಮಾತೇ ಮುಚ್ಚಿಸಿತ್ತು.

"ಸುನೀತಾ, ಗಾಡಿ ನಿಲ್ಲುಸಕ್ಕೇಳು. ಏರಿ ಹತ್ತೋ ಮುಂಚೆ ಎಲ್ರೂ ಇಳೀರಿ."

"ಏರಿ ಆಗ್ಲೇ ಅತ್ತಾಯ್ತು. ಇನ್ನೇನು ಆ ಕಡೆ ಇಳೀಬೇಕು. ಯಾಕ್ರೀ, ನಿಮ್ಮ ದನಿ ಯಾಕೆ ಅಂಗದೆ?"

"ಹೇಳುದ್ನಲ್ಲ, ಅವುನ್ಗೇಳು."

"ಲೇ ಮದ್ನಾ" ಎಂದು ಅವಳು ಕೂಗಿದ್ದು ಕೇಳಿಸಿತು. ಮತ್ತೊಮ್ಮೆ ಕೂಗಿದಳು. "ಕೇಳುಸ್ತಿಲ್ಲ ಕಣ್ರೀ ಅವುನ್ಗೆ. ಇಳೀತಾ ಇದ್ದೀವಿ. ಕೆಳಗೋದ್ಮೇಲೆ ನಿಲ್ಲುಸ್ತಾನೆ ಬಿಡಿ."

ಗುರುಮಲ್ಲಪ್ಪನವರಿಗೆ ಎಲ್ಲ ಅರ್ಥವಾಗಿತ್ತು. ಒಳಗೆ ಓಡಿಹೋಗಿ, ದೇವರ ಗೂಡಿನಿಂದ ಟ್ರ್ಯಾಕ್ಟರಿನ ಕೀ ತಂದು ನನ್ನ ಮುಂದೆ ಹಿಡಿದರು. ಚಕ್ರ ಬಿಚ್ಚಿ, ಎಣ್ಣೆ ಬಸಿದು ನಿಲ್ಲಿಸಿದ್ದ ಗಾಡಿಯ ಕೀ. ಇನ್ನೇನು ಮಾಡುವುದೆಂದು ಅವರಿಗೂ ತೋಚಿರಲಿಲ್ಲ.

ಫೋನಿನಲ್ಲಿ ಟಕ್ ಅಂದಿತು. ಒಂದೇ ಸಲ. ಹೆಂಗಸರ ಮಾತು ನಿಂತಿತು.

"ರೀ, ಮದ್ನ ಬ್ರೇಕ್ ತುಳೀತಾನೇ ಅವ್ನೆ," ಎಂದಳು ಸುನೀತಾ. "ಗಾಡಿ ನಾಲೆ ಕಡೀಕೇ ಓಯ್ತಾ ಅದೆ."